ರೈಲಿನ ಆ ಕಡೆ

ನಮ್ಮ ಅತ್ತೆಯ ಎದುರಿಗೆ, ಚಪ್ಪಲಿ ಮೆಟ್ಟಿ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಹೋಗುವ ಕೆಲಸ ಕೆಟ್ಟಿತು ಎಂದೇ ಲೆಕ್ಕ. ತಿಳಿದುಕೊಳ್ಳಲೇಬೇಕಾದರೆ ‘ದೂರ ಹೊಂಟಿಯೇನು?’ ಎನ್ನಬೇಕು. ಹೊರಟವರು ‘ಇಲ್ಲೇ’ ಎಂದೋ ‘ಹೂಂ, ಸ್ವಲ್ಪ ದೂರ’ ಎಂದೋ ಹೇಳಿ ಹೋಗಬೇಕು. ಈ ನಿಯಮ ನಮ್ಮ ಕಡೆಯೂ ಇದೆ. ಬೆಂಗಳೂರಿನಲ್ಲಿ ನನ್ನ ಅಜ್ಜಿಯೂ ಇದಕ್ಕೆ ಗೊಣಗುತ್ತಿದ್ದರು. ಆದರೆ ಗದಗದ ಕಡೆಯವರಾದ ಅತ್ತೆಯದು ಬರೀ ಗೊಣಗಾಟವಲ್ಲ. ಯಾರಾದರೂ ಆ ಮಾತು ಆಡಿಬಿಟ್ಟರೆ ಎತ್ತಿದ ಕಾಲನ್ನು ಮುಂದಿಡುವುದಿಲ್ಲ. ವಾಪಸು ಬಂದು, ಕೂತು, ಒಂದು ಗುಟುಕು ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡುತ್ತಾರೆ.

ಒಮ್ಮೆ ಇಲ್ಲಿ ಲಾಸ್ ಏಂಜಲೀಸಿನಲ್ಲಿ ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಅದೇ ಹೊತ್ತಿಗೆ ರೆಡೊಂಡೊ ಬೀಚಿನಿಂದ ಬಂದ ನನ್ನ ಗೆಳತಿ ಕಾರಿನಿಂದ ಇಳಿಯುತ್ತಾ, ಪಾಪ, ಪ್ರೀತಿಯಿಂದಲೇ “ಎಲ್ಲಿಗೆ ಹೊರಟ್ರಿ ಆಂಟಿ?” ಅಂದಳು. ಮುಗಿಯಿತು. ಅತ್ತೆಯ ಬಲಗಾಲು ಮೆಟ್ಟಿಲ ಮೇಲೆ ಗಾಳಿಯಲ್ಲೇ ನಿಂತಿತು. ಒಳಗೆ ಹೋಗಿ, ಶೂ ಬಿಚ್ಚಿ, ಸೋಫಾದ ಮೇಲೆ ಕೂತು, ನೀರು ತರಿಸಿಕೊಂಡು ಕುಡಿದರು. ಮತ್ತೆ ಶೂ ಹಾಕಿಕೊಳ್ಳುವ ಹೊತ್ತಿಗೆ ಅಪಾಯಿಂಟ್‌ಮೆಂಟ್ ತಪ್ಪಿಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. “ಡಾಕ್ಟರ್ ಕಾಯಲ್ಲ ಅತ್ತೆ” ಅಂದೆ. “ಹಲ್ಲು ಕಾಯ್ತಾವ ಬಿಡವಾ” ಅಂದರು.

ನನ್ನ ಮಗಳು ಮಾತ್ರ ಈ ಕಾನೂನಿನಿಂದ ಪಾರಾಗಿದ್ದಾಳೆ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾದರೂ ಬಾಯಿ ಬಿಟ್ಟರೆ ಇಂಗ್ಲಿಷ್. ಅಜ್ಜಿ ವಾಕಿಂಗ್ ಹೊರಟಾಗಲೆಲ್ಲ “ವೇರ್ ಆರ್ ಯೂ ಗೋಯಿಂಗ್, ಅಜ್ಜಿ?” ಎನ್ನುತ್ತಾಳೆ. ಅತ್ತೆ ನಕ್ಕು ಹೋಗಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲವಂತೆ. ದೋಷವೇನಿದ್ದರೂ ಕನ್ನಡಕ್ಕೆ.

ಇಷ್ಟನ್ನು ಮೊದಲೇ ಹೇಳಿದ್ದೇಕೆಂದರೆ, ನನ್ನ ಒಂದು ಫೋಟೋದ ಕಥೆಗೆ ಇದು ಬೇಕು.

ರೈಲಿನ ಹುಚ್ಚು ನನಗೆ ಹತ್ತಿದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಆಗ ಎಲ್ಲರೂ ಮನೆಯೊಳಗೆ. ಟೆಲಿಕಾಂ ಕಂಪನಿಯ ನನ್ನ ಕೆಲಸ ಊಟದ ಮೇಜಿಗೇ ಬಂದು ಕೂತಿತ್ತು. ಸಂಜೆ ತಲೆ ಕೆಟ್ಟಾಗ ಕಾರು ತೆಗೆದುಕೊಂಡು, ನಮ್ಮ ಪೋರ್ಟರ್ ರ್ಯಾಂಚ್‌ಗೆ ಹತ್ತಿರವಿರುವ ಚಾಟ್ಸ್‌ವರ್ತ್‌ನಲ್ಲಿ ಹಳಿಗಳ ಪಕ್ಕ ನಿಂತು ಬರುತ್ತಿದ್ದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದರೂ ಪ್ಯಾಸೆಂಜರ್ ರೈಲು ಬರುತ್ತಿತ್ತು, ಹೋಗುತ್ತಿತ್ತು. ಒಳಗೆಲ್ಲ ದೀಪ ಉರಿಯುತ್ತಿದೆ, ಕಿಟಕಿಗಳಲ್ಲಿ ಒಂದು ಮುಖವೂ ಇಲ್ಲ. ಅದನ್ನು ನೋಡಿ ಒಂದು ದಿನ ನನಗೆ ಕಣ್ಣು ತುಂಬಿ ಬಂತು. ಫೋನಿನಲ್ಲೇ ಒಂದು ಫೋಟೋ ತೆಗೆದೆ. ಅಲ್ಲಿಂದ ಶುರುವಾದದ್ದು ಒಳ್ಳೆಯ ಕ್ಯಾಮೆರಾಕ್ಕೆ, ಉದ್ದನೆಯ ಲೆನ್ಸಿಗೆ ಬಂದು ನಿಂತಿತು. “ರೈಲು ನೋಡಾಕ ಅಮೆರಿಕಾಕ್ಕ ಬರಬೇಕಾಗಿತ್ತೇನು? ಗದಗ ಜಂಕ್ಷನ್ನಾಗ ಕೂತಿದ್ರ ಆಗ್ತಿತ್ತಲ್ಲ” ಎಂದು ಗಂಡ ಇವತ್ತಿಗೂ ಛೇಡಿಸುತ್ತಾನೆ.

ಅವನ ಕೆಲಸ ಸ್ಯಾನ್ ಡಿಯಾಗೊ ಕಡೆಯ ಪೊವೇಯಲ್ಲಿ. ವಾರದಲ್ಲಿ ಮೂರು ದಿನ ಅಲ್ಲೇ ರೂಮು ಮಾಡಿಕೊಂಡು ಇರುತ್ತಾನೆ. ಅವನನ್ನು ನೋಡಲು ಹೋದಾಗಲೆಲ್ಲ ಅಲ್ಲಿ ಕಡಲ ದಂಡೆಯ ಮೇಲೆ ಹಾಯುವ ರೈಲನ್ನು ತೆಗೆದಿದ್ದೇನೆ. ಕೆಳಗೆ ನೀಲಿ ನೀರು, ಮೇಲೆ ರೈಲು, ಹಿಂದೆ ಮುಳುಗುವ ಸೂರ್ಯ. ಆ ಫೋಟೋ ಎಲ್ಲರ ಹತ್ತಿರವೂ ಇದೆ, ಹಾಲಿನವರು ಕೊಡುವ ಕ್ಯಾಲೆಂಡರಿನ ಹಾಗೆ. ನನಗೆ ಬೇಕಾಗಿದ್ದದ್ದು ಬೇರೆ. ಲಾಸ್ ಏಂಜಲೀಸಿನ ರೈಲು, ಹಿಮದ ನಡುವೆ. ಲ್ಯಾಂಕಾಸ್ಟರಿನಿಂದ ಆ್ಯಕ್ಟನ್ ಊರಿನ ಗುಡ್ಡಗಳನ್ನು ಬಳಸಿ ಕೆಳಗಿಳಿಯುವ ಪ್ಯಾಸೆಂಜರ್ ಗಾಡಿ ಒಂದಿದೆ. ಆ ಗುಡ್ಡಗಳ ಮೇಲೆ ಯಾವಾಗಲೋ ಒಂದು ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬಿದ್ದರೂ ನಿಲ್ಲುವುದಿಲ್ಲ, ಬೆಳಿಗ್ಗೆ ಬೆಳ್ಳಗಿದ್ದದ್ದು ಊಟದ ಹೊತ್ತಿಗೆ ಕೆಸರು. ಎರಡು ಚಳಿಗಾಲ ಕಾದು ಕೂತಿದ್ದೆ.

ಮೂರನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಹಿತ್ತಿಲಿನಿಂದ ಕಾಣುವ ಉತ್ತರದ ಬೆಟ್ಟದ ನೆತ್ತಿಯೇ ಬೆಳ್ಳಗಿತ್ತು. ನೆರೆಹೊರೆಯವರೆಲ್ಲ ಪೈಜಾಮದಲ್ಲೇ ರಸ್ತೆಗೆ ಬಂದು ಫೋನು ಎತ್ತಿ ಹಿಡಿದಿದ್ದರು. ನಾನು ಆಫೀಸಿಗೆ ರಜೆ ಹೇಳಿ, ಮಗಳನ್ನು ಶಾಲೆಗೆ ಬಿಟ್ಟು ಬಂದು, ಬ್ಯಾಗು ಹೆಗಲಿಗೇರಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಟಲವರೆಗೆ ಬಂದ ಪ್ರಶ್ನೆಯನ್ನು ನುಂಗಿ, ನಿಯಮದ ಪ್ರಕಾರ ಕೇಳಿದರು.

“ದೂರ ಹೊಂಟಿಯೇನವಾ?”

“ಸ್ವಲ್ಪ ದೂರ ಅತ್ತೆ, ಗುಡ್ಡದ ಕಡೆ. ಸ್ನೋ ಬಿದ್ದಿದೆ, ರೈಲಿನ ಫೋಟೋ ತೆಗೆದು ಬಂದುಬಿಡ್ತೀನಿ.”

“ಬರ್ಫ ಬಿದ್ದೈತಿ?” ಅವರ ಮುಖ ನೋಡುವ ಹಾಗಿತ್ತು. “ನಾ ಒಮ್ಮಿನೂ ನೋಡಿಲ್ಲ.”

ಇದಾದ ಮೇಲೆ ಬಿಟ್ಟು ಹೋಗಲು ನಾನೇನು ರಾಕ್ಷಸಿಯೇ? ಆದರೆ ಒಳಗೊಳಗೆ ಕುದಿಯುತ್ತಿದ್ದೆ ಎನ್ನುವುದೂ ನಿಜ. ಬಿಸಿಲು ಏರುತ್ತಿತ್ತು, ಅಲ್ಲಿ ನನ್ನ ಹಿಮ ಕರಗುತ್ತಿತ್ತು, ಇಲ್ಲಿ ಅತ್ತೆ ಒಂದೊಂದೇ ತೊಡುತ್ತಿದ್ದರು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗನ ಹಳೆಯ ಬೂದು ಜಾಕೆಟ್ಟು, ಕಾಲಿಗೆ ಬಿಳಿ ವಾಕಿಂಗ್ ಶೂ, ತಲೆಗೆ ಊರಿನಿಂದ ತಂದ ಕೆಂಪು ಮಂಕಿ ಕ್ಯಾಪು. ಮಂಕಿ ಕ್ಯಾಪು ಹಾಕಿಕೊಂಡ ಮೇಲೆ ಅವರಿಗೆ ಯಾವ ಮಾತೂ ಎರಡೆರಡು ಸಲ ಹೇಳಿದ ಹೊರತು ಕೇಳಿಸುತ್ತಿರಲಿಲ್ಲ.

ಕಾರಿನಲ್ಲಿ ಹೋಗುತ್ತಿರುವಾಗ ಪೊವೇಯಿಂದ ಗಂಡನ ಫೋನು ಬಂತು. ವಿಷಯ ಕೇಳಿ ದನಿ ಬದಲಾಯಿತು. “ಅವ್ವನ್ನ ಯಾಕ ಕರ್ಕೊಂಡು ಹೊಂಟಿ? ಶುಗರ್ ಐತಿ, ಮೊಣಕಾಲು ನೋವು ಐತಿ. ಬರ್ಫದಾಗ ಜಾರಿ ಬಿದ್ರ ಯಾರು ನೋಡವ್ರು? ನಾ ಬರಬೇಕಂದ್ರ ಇಲ್ಲಿಂದ ಮೂರು ತಾಸು.”

“ಕಾರಿಂದ ಇಳಿಸೋದೇ ಇಲ್ಲ. ಕಿಟಕಿಯಿಂದ ನೋಡ್ತಾರೆ, ಅಷ್ಟೇ. ಸಾಕಾ?”

“ನಿನ್ನ ಮ್ಯಾಲೆ ಬಿಟ್ಟೀನಿ ನೋಡು.”

“ಬಿಡು” ಎಂದು ಫೋನು ಇಟ್ಟೆ. ನಾನೇನು ಮಗುವೇ ಎಂದು ಸಿಟ್ಟು ಬಂದಿತ್ತು.

ಹದಿನಾಲ್ಕನೇ ನಂಬರಿನ ಫ್ರೀವೇ ಹತ್ತಿ ಸ್ವಲ್ಪ ದೂರ ಹೋದ ಮೇಲೆ ಅತ್ತೆ, “ಎಲ್ಲೆರ ಒಂಚೂರು ನಿಲ್ಲಸ್ತೀಯೇನವಾ? ಕಾಲು ಹಿಡದಾವ” ಅಂದರು. “ಇನ್ನೇನು ಬಂತು ಅತ್ತೆ, ಸೀಟು ಹಿಂದಕ್ಕೆ ಮಾಡಿಕೊಳ್ಳಿ” ಎಂದು ಗುಂಡಿ ತೋರಿಸಿದೆ. ಸೀಟು ಹಿಂದಕ್ಕೆ ಹೋಯಿತು. ಇನ್ನೊಂದಿಷ್ಟು ದೂರಕ್ಕೆ, “ಅಲ್ಲೊಂದು ಪೆಟ್ರೋಲ್ ಬಂಕ್ ಐತಲ್ಲ, ಹಾಕಸ್ತೀಯೇನು?” ಅಂದರು. “ಟ್ಯಾಂಕ್ ಫುಲ್ ಇದೆ” ಅಂದೆ. ಅವರು ಹಿಂದೆ ಸರಿದ ಬಂಕನ್ನೇ ಕತ್ತು ತಿರುಗಿಸಿ ನೋಡಿದರು. ನನ್ನ ಕಣ್ಣು ರಸ್ತೆಯ ಮೇಲಿದ್ದರೆ ಮನಸ್ಸು ಮೋಡದ ಮೇಲಿತ್ತು. ಆ ಎರಡು ಮಾತಿನ ಅರ್ಥ ಆಗಲೇ ಹೊಳೆದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಫ್ರೀವೇ ಬಿಟ್ಟು ಕಣಿವೆಯ ರಸ್ತೆಗೆ ಇಳಿದರೆ ಬೇರೆಯೇ ಲೋಕ. ಕುರುಚಲು ಗಿಡಗಳ ಮೇಲೆ, ಕತ್ತಾಳೆಯಂಥ ಮುಳ್ಳುಗಿಡಗಳ ಮೇಲೆ, ತಂತಿಬೇಲಿಯ ಮೇಲೆ, ಎಲ್ಲೆಲ್ಲೂ ಹಿಮ. ಅತ್ತೆ ಕಿಟಕಿಯ ಗಾಜಿಗೆ ಮೂಗು ಒತ್ತಿ ಕೂತುಬಿಟ್ಟರು. “ರವಾ ಚೆಲ್ಲಿದಂಗ ಐತಲ್ಲೋ ಶಿವನ” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನಾನು ನೋಡಿಟ್ಟುಕೊಂಡಿದ್ದ ಜಾಗದಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿದೆ. ಒಂದು ಬದಿಗೆ ದಿಬ್ಬ. ಇನ್ನೊಂದು ಬದಿಗೆ ರಸ್ತೆಗಿಂತ ಸ್ವಲ್ಪ ತಗ್ಗಿನಲ್ಲಿ ರೈಲು ಹಳಿ. ಹಳಿಯ ಆಚೆ ಪೊದೆಗಳು, ಬಂಡೆಗಳು, ಅದರಾಚೆ ಒಣ ಹೊಳೆ. ಎಡಗಡೆ ಬೆಟ್ಟವನ್ನು ಕಡಿದು ಹಳಿ ಹಾಕಿದ್ದಾರೆ. ರೈಲು ಆ ಬಂಡೆಯ ಮರೆಯಿಂದಲೇ ತಿರುಗಿ ಬರಬೇಕು. ದಿಬ್ಬದ ಮೇಲೆ ನಿಂತವರಿಗೆ ಮಾತ್ರ ತಿರುವಿನ ಎರಡೂ ಕಡೆ ಕಾಣುತ್ತದೆ. ಸುತ್ತ ನರಪಿಳ್ಳೆಯೂ ಇರಲಿಲ್ಲ.

ಹೀಟರು ಹಾಕಿಟ್ಟು, “ಇಲ್ಲೇ ಮೇಲೆ ಇರ್ತೀನಿ ಅತ್ತೆ. ಕಾರಿಂದ ಇಳೀಬೇಡಿ. ರೈಲು ಬಂದು ಹೋದ ತಕ್ಷಣ ಬರ್ತೀನಿ” ಅಂದೆ.

“ನಾ ಎಲ್ಲಿ ಇಳೀತೀನವಾ. ಹೋಗಿ ಬಾ.”

ದಿಬ್ಬ ಹತ್ತುವಾಗ ಬೂಟು ಎರಡು ಸಲ ಜಾರಿತು. ಮೇಲೆ ಹೋಗಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ತಿರುವಿನ ಕಡೆಗೆ ಲೆನ್ಸು ಹಿಡಿದೆ. ಫೋನಿನಲ್ಲಿ ನೋಡಿದರೆ ರೈಲು ತಡ ಎಂದು ತೋರಿಸುತ್ತಿತ್ತು. ಎಷ್ಟು ತಡ ಎಂದು ನೋಡುವಷ್ಟರಲ್ಲಿ ಸಿಗ್ನಲ್ಲೇ ಹೋಯಿತು. ಗಾಳಿ ಎದುರಿನಿಂದ ಹೊಡೆಯುತ್ತಿತ್ತು. ಬೆರಳು ಮರಗಟ್ಟಿದವು. ಮೋಡ ಹರಿದು ಬಿಸಿಲು ಬಿದ್ದಾಗಲೆಲ್ಲ ಗಿಡಗಳಿಂದ ಹಿಮ ತೊಟತೊಟನೆ ಉದುರುತ್ತಿತ್ತು, ನನ್ನ ಎದೆಯೂ ಅದರ ಜೊತೆಗೆ ಉದುರುತ್ತಿತ್ತು. ಬಾ ಮಾರಾಯ, ಬೇಗ ಬಾ ಎಂದು ಕಾಣದ ರೈಲಿಗೆ ಹೇಳಿಕೊಳ್ಳುತ್ತಾ ನಿಂತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಸುಮ್ಮನೆ ಕೆಳಗೆ ನೋಡಿದೆ. ಕಾರಿನಲ್ಲಿ ನನ್ನ ಕಡೆಯ ಬಾಗಿಲು ಮುಚ್ಚಿಯೇ ಇತ್ತು. ಅತ್ತೆ ಕೂತಿದ್ದ ಕಡೆಯ ಬಾಗಿಲು ತೆರೆದುಕೊಂಡಿತ್ತು.

ಮೊದಲು ಬಂದದ್ದು ಸಿಟ್ಟು. ಬಾಗಿಲು ತೆಗೆದು ಕೂತರೆ ಹೀಟರು ಯಾಕೆ ಹಾಕಬೇಕು? ಆಮೇಲೆ ಸೀಟು ಖಾಲಿ ಎನ್ನುವುದು ಕಂಡಿತು. ಕಾರಿನ ಹಿಂದೆ ನೋಡಿದೆ, ರಸ್ತೆಯ ಆ ತುದಿ ಈ ತುದಿ ನೋಡಿದೆ. ಯಾರೂ ಇಲ್ಲ. ಕ್ಯಾಮೆರಾವನ್ನೇ ದುರ್ಬೀನಿನ ಹಾಗೆ ಕಣ್ಣಿಗೆ ಹಿಡಿದು ಕಾರಿನ ಬಾಗಿಲಿನಿಂದ ಹುಡುಕತೊಡಗಿದೆ. ಹಿಮದ ಮೇಲೆ ಹೆಜ್ಜೆಗಳಿದ್ದವು. ಚಿಕ್ಕ ಚಿಕ್ಕ ಹೆಜ್ಜೆ, ಮೊಣಕಾಲು ನೋವಿನವರು ಇಡುವಂಥವು. ಬಾಗಿಲಿನಿಂದ ರಸ್ತೆ ದಾಟಿದ್ದವು. ತಂತಿಬೇಲಿ ಮುರಿದು ಬಿದ್ದಿದ್ದ ಕಡೆ ನುಸುಳಿದ್ದವು. ಜಲ್ಲಿಕಲ್ಲಿನ ಏರು ಹತ್ತಿ, ಹಳಿಯ ಮೇಲೆ ಹಾದು, ಆಚೆ ಇಳಿದು, ಒಂದು ದೊಡ್ಡ ಪೊದೆಯ ಹಿಂದೆ ಹೋಗಿದ್ದವು. ಹೋದ ಹೆಜ್ಜೆಗಳಿದ್ದವು, ಬಂದ ಹೆಜ್ಜೆಗಳಿರಲಿಲ್ಲ.

ಅಷ್ಟರಲ್ಲಿ ಆ ಪೊದೆಯ ಹಿಂದಿನಿಂದ ಕೆಂಪು ಮಂಕಿ ಕ್ಯಾಪು ಎದ್ದಿತು.

ಆಗ ತಿಳಿಯಿತು, ‘ಕಾಲು ಹಿಡದಾವ’ ಎಂದರೆ ಏನು, ಪೆಟ್ರೋಲ್ ಬಂಕು ಯಾಕೆ ಬೇಕಾಗಿತ್ತು ಎಂದು. ಶುಗರ್ ಇರುವವರು, ಆ ಚಳಿ, ಬೆಳಗಿನ ಎರಡು ಲೋಟ ಚಹಾ. ಸೊಸೆಯ ಹತ್ತಿರವೂ ಬಾಯಿಬಿಟ್ಟು ಹೇಳದ ಹೆಂಗಸು ರಸ್ತೆಗೆ ಕಾಣುವ ಜಾಗದಲ್ಲಿ ಕೂರುತ್ತಾರೆಯೇ? ಮರೆ ಹುಡುಕಿಕೊಂಡು ಹಳಿಯನ್ನೇ ದಾಟಿ ಹೋಗಿದ್ದರು. ನನಗೆ ನಾಚಿಕೆಯಾಯಿತು, ನಗುವೂ ಬಂತು. ಆ ನಗು ತುಟಿಗೆ ಬರುವ ಮೊದಲೇ ಮೇಲೆಲ್ಲೋ ಇರುವ ಲೆವೆಲ್ ಕ್ರಾಸಿಂಗಿನ ಕಡೆಯಿಂದ ಹಾರನ್ನು ಕೇಳಿಸಿತು.

ರೈಲು.

ಅತ್ತೆ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಿದ್ದರು. ಅವರಿಗೆ ಅದು ಕೇಳಿಸಿರಲಿಲ್ಲ. ಕಿವಿಯ ಮೇಲೆ ದಪ್ಪ ಉಣ್ಣೆ, ರೈಲು ಬರುವ ಕಡೆಗೆ ಬಂಡೆಯ ಮರೆ. ಇಳಿಜಾರಿನಲ್ಲಿ ಲಾಸ್ ಏಂಜಲೀಸಿನ ಕಡೆಗೆ ಇಳಿಯುವ ಆ ಗಾಡಿಗೆ ಎಂಜಿನ್ನು ಹಿಂದೆ ಇರುತ್ತದೆ, ಬೋಗಿಗಳು ಮುಂದೆ. ಸದ್ದೆಲ್ಲ ಬಾಲದಲ್ಲಿ, ಮುಖ ಮಾತ್ರ ಸುಮ್ಮನೆ ಬಂದುಬಿಡುತ್ತದೆ. ಹಿಮ ಬಿದ್ದ ದಿನ ಇದ್ದ ಸದ್ದನ್ನೂ ನೆಲ ನುಂಗುತ್ತದೆ. ದಿಬ್ಬದ ಮೇಲಿದ್ದ ನನಗೆ ಬಂಡೆಯ ಆಚೆಯ ಹಳಿಯ ಮೇಲೆ ಅದರ ದೀಪಗಳು ಕಂಡವು. ಈಚೆ ಅತ್ತೆ ಹಳಿಯ ಕಡೆಗೆ ಹೆಜ್ಜೆ ಹಾಕಿದ್ದರು. ಇಬ್ಬರೂ ಒಂದೇ ಜಾಗಕ್ಕೆ ಹೊರಟಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ, ನನಗೊಬ್ಬಳಿಗೇ ಗೊತ್ತಿತ್ತು.

“ಅತ್ತೆ!” ಎಂದು ಕೂಗುತ್ತಾ ಇಳಿಯತೊಡಗಿದೆ. ಕಾಲು ಜಾರಿ ಕುಕ್ಕರಿಸಿದೆ. ಓಡಿ ಮುಟ್ಟುವ ದೂರವಲ್ಲ ಅದು. ಮತ್ತೆ ಕೂಗಿದೆ. ಅವರು ತಲೆ ಎತ್ತಿ ನೋಡಿದರು, ನನ್ನನ್ನು ಕಂಡು ನಕ್ಕರು. ನಾನು ಎರಡು ಕೈಯನ್ನೂ ಬೀಸಿದೆ. ನಮ್ಮಲ್ಲಿ ಕೈ ಬೀಸಿದರೆ ಬಾ ಅಂತಲೇ ಅರ್ಥ. ಅವರು ಹೆಜ್ಜೆ ಜೋರು ಮಾಡಿದರು.

“ಬರಬೇಡಿ! ಬರಬೇಡಿ ಅತ್ತೆ!”

ನಮ್ಮ ಭಾಷೆಯಲ್ಲಿ ಬೇಡ ಎನ್ನುವುದು ಮಾತಿನ ಬಾಲದಲ್ಲಿರುತ್ತದೆ. ಗಾಳಿ ಆ ಬಾಲವನ್ನೇ ಕಿತ್ತುಕೊಂಡು ಹೋಯಿತು. ಅವರಿಗೆ ಕೇಳಿಸಿದ್ದು ‘ಬರ್ರಿ’ ಎನ್ನುವುದಷ್ಟೇ. ಬಂದೆ ಬಂದೆ ಎನ್ನುವ ಹಾಗೆ ಕೈಯಾಡಿಸಿ, ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಜಲ್ಲಿಯ ಏರಿನ ಬುಡಕ್ಕೆ ಬಂದರು. ಬಂಡೆಯ ಮೂಲೆಯಿಂದ ರೈಲಿನ ಮುಖ ಹೊರಗೆ ಬಂತು.

ಆಗ ನನಗೆ ಬಂದದ್ದು ಭಯವೋ ಸಿಟ್ಟೋ ಇವತ್ತಿಗೂ ಹೇಳಲಾರೆ. ಇಳಿಯಬೇಡಿ ಎಂದು ಹೇಳಿ ಬಂದಿದ್ದೆನಲ್ಲ, ಹೇಳಿದ ಒಂದು ಮಾತು ಕೇಳಬಾರದೇ, ಈ ಹಾಳಾದ ಹಳಿಯ ಮೇಲೆ ಹತ್ತುತ್ತಿದ್ದಾರಲ್ಲ, ಎಲ್ಲಿಗೆ ಹೊರಟಿದ್ದಾರೆ ಇವರು? ಹೊಟ್ಟೆಯ ಆಳದಿಂದ ಕಿತ್ತುಕೊಂಡು ಬಂದದ್ದು ಅದೇ.

“ಎಲ್ಲಿಗೆ? ಎಲ್ಲಿಗ್ರೀ ಹೊರಟ್ರಿ? ಎಲ್ಲಿಗೆ?”

ಯೋಚಿಸಿ ಕೂಗಿದ್ದಲ್ಲ. ಅಷ್ಟು ಬುದ್ಧಿಯಿದ್ದಿದ್ದರೆ ಪೆಟ್ರೋಲ್ ಬಂಕಿನಲ್ಲೇ ನಿಲ್ಲಿಸುತ್ತಿದ್ದೆ. ಆದರೆ ಆ ಒಂದು ಮಾತು ಉಣ್ಣೆಯನ್ನೂ ಗಾಳಿಯನ್ನೂ ತೂರಿಕೊಂಡು ಹೋಯಿತು. ಏರಿನ ಮೇಲಿಡಲು ಎತ್ತಿದ್ದ ಅತ್ತೆಯ ಬಲಗಾಲು ಗಾಳಿಯಲ್ಲೇ ನಿಂತಿತು. ಅವರ ತಲೆ ನನ್ನ ಕಡೆಗೆ ಸಟ್ಟನೆ ತಿರುಗಿದ್ದನ್ನು ಕಂಡೆ.

ಅಷ್ಟೇ ಕಂಡದ್ದು. ಹಾರನ್ನು ಕಿವಿ ಹರಿಯುವಂತೆ ಕೂಗಿತು, ರೈಲು ನಮ್ಮಿಬ್ಬರ ನಡುವೆ ಬಂತು.

ಎರಡು ಅಂತಸ್ತಿನ ಬೋಗಿಗಳು. ಹಿಮದ ಪುಡಿಯನ್ನು ಎರಡೂ ಕಡೆ ಎಬ್ಬಿಸಿಕೊಂಡು ಒಂದಾದ ಮೇಲೊಂದು ಹೋದವು. ಕಿಟಕಿಗಳಲ್ಲಿ ಜನರಿದ್ದರು. ಹಿಮದ ನಡುವೆ ಕುಕ್ಕರಿಸಿದ್ದ ನನ್ನನ್ನು ನೋಡಿ ಯಾರೋ ಕೈ ಬೀಸಿದರು. ಆ ಕಡೆ ನನ್ನ ಅತ್ತೆ ಇದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಿಂತ ಕಾಲು ಹಿಂದಕ್ಕೆ ಬಂತೋ, ಜಾರಿ ಮುಂದಕ್ಕೆ ಹೋಯಿತೋ? ರೈಲಿನ ಗಾಳಿಗೆ ಬಿದ್ದರೋ? ಚಕ್ರಗಳ ಸಂದಿನಲ್ಲಿ ಎರಡು ಬಿಳಿ ಶೂ ಕಾಣುತ್ತವೆಯೇ ಎಂದು ಕಣ್ಣು ಕಿತ್ತು ಬರುವ ಹಾಗೆ ನೋಡಿದೆ. ಹಿಮದ ಪುಡಿಯಲ್ಲಿ ಏನೂ ಕಾಣಲಿಲ್ಲ. ನಿನ್ನ ಮೇಲೆ ಬಿಟ್ಟಿದ್ದೇನೆ ಅಂದಿದ್ದನಲ್ಲ, ಅವನಿಗೆ ಏನೆಂದು ಫೋನು ಮಾಡಲಿ? ಕೈಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದು ಕ್ಯಾಮೆರಾ ಎನ್ನುವುದೂ, ಒಳಗೆ ಶಟರು ಪಟಪಟ ಬಡಿದುಕೊಳ್ಳುತ್ತಿದೆ ಎನ್ನುವುದೂ ಗಮನಕ್ಕೆ ಬರಲಿಲ್ಲ. ಕೊನೆಗೆ ಎಂಜಿನ್ನು ಬಂತು, ನೆಲ ನಡುಗಿತು, ಹೋಯಿತು.

ಹಿಮದ ಪುಡಿ ನಿಧಾನವಾಗಿ ಕೆಳಗಿಳಿಯಿತು. ಮೊದಲು ಕೆಂಪು ಮಂಕಿ ಕ್ಯಾಪು ಕಂಡಿತು, ಆಮೇಲೆ ಬೂದು ಜಾಕೆಟ್ಟು. ಏರಿನ ಬುಡದಿಂದ ಎರಡು ಹೆಜ್ಜೆ ಹಿಂದೆ, ಸೀರೆಯನ್ನು ಇನ್ನೂ ಎತ್ತಿ ಹಿಡಿದುಕೊಂಡೇ, ಅತ್ತೆ ನಿಂತಿದ್ದರು. ಮೈಯೆಲ್ಲ ಹಿಮದ ಹಿಟ್ಟು. ಮುಖದಲ್ಲಿ ಕೆಂಡದಂಥ ಕೋಪ.

“ಹೊಂಟವ್ರನ್ನ ಹಂಗ ಕೇಳ್ತಾರೇನು? ಬುದ್ಧಿ ಐತೇನು ನಿನಗ?”

ನಾನು ಅಲ್ಲೇ, ಹಿಮದಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಚಿಕ್ಕಂದಿನಿಂದ ಹಾಗೆ ಅತ್ತಿರಲಿಲ್ಲ. ಆಮೇಲೆ ಎದ್ದು, ಬಿದ್ದು, ಕೆಳಗಿಳಿದು, ಎರಡೂ ಕಡೆ ನೋಡಿಕೊಂಡು ಹಳಿ ದಾಟಿ ಅವರ ಹತ್ತಿರ ಹೋದೆ. ಬೈಯುತ್ತಿದ್ದ ಅವರ ಬಾಯಿ ನಿಂತಿರಲಿಲ್ಲ, ಸೀರೆ ಎತ್ತಿ ಹಿಡಿದಿದ್ದ ಕೈಯನ್ನೂ ಇಳಿಸಿರಲಿಲ್ಲ. ಎರಡೂ ಕೈಯಲ್ಲಿ ಆ ಕೈ ಹಿಡಿದುಕೊಂಡೆ. “ಬನ್ನಿ ಅತ್ತೆ, ಕಾರಿಗೆ ಹೋಗೋಣ” ಅಂದೆ.

“ಹೆಂಗ ಬರ್ಲಿ? ಕೇಳಿದೆಲ್ಲ.” ಒಂದು ಬಂಡೆಯ ಮೇಲಿನ ಹಿಮವನ್ನು ಕೊಡವಿ ಕೂತೇಬಿಟ್ಟರು. “ನೀರು ಕೊಡು.”

ಬ್ಯಾಗಿನಲ್ಲಿದ್ದ ಫ್ಲಾಸ್ಕು ತೆಗೆದೆ. “ಚಾ ನಡಿಯಂಗಿಲ್ಲ. ನೀರು.” ನೀರಿನ ಬಾಟಲಿ ಕಾರಿನಲ್ಲಿತ್ತು. ಹಳಿಯ ಆಚೆ. ತರುತ್ತೇನೆ ಎಂದು ನಾನು ತಿರುಗಿದರೆ, ಬಿಗಿಯಾಗಿ ಕೈ ಹಿಡಿದು ನಿಲ್ಲಿಸಿದರು. ನನ್ನನ್ನು ಆ ಹಳಿಯ ಮೇಲೆ ಒಬ್ಬಳನ್ನೇ ಬಿಡಲು ಈಗ ಅವರಿಗೂ ಭಯ. ಒಂದು ಕ್ಷಣ ಅತ್ತ ಇತ್ತ ನೋಡಿದರು. ಪಕ್ಕದ ಪೊದೆಯ ಮೇಲಿನ ಹಿಮವನ್ನು ಮುಷ್ಟಿಯಲ್ಲಿ ತೆಗೆದುಕೊಂಡು, ದೇವರ ತೀರ್ಥದ ಹಾಗೆ ಬಾಯಿಗೆ ಹಾಕಿಕೊಂಡರು. ಹಲ್ಲಿಗೆ ಚಳಿ ಹತ್ತಿ ಮುಖ ಕಿವುಚಿದರು. ಬಾಯೊಳಗೇ ಕರಗಿಸಿ ನುಂಗಿದರು.

“ನೀರ ಅಲ್ಲೇನು ಇದು” ಎಂದು ಎದ್ದರು. “ನಡಿ ಇನ್ನ.”

ಇಬ್ಬರೂ ಕೈ ಹಿಡಿದುಕೊಂಡು ಹಳಿ ದಾಟಿದೆವು. ಕಾರಿನಲ್ಲಿ ಹೀಟರಿನ ಮುಂದೆ ಅಂಗೈ ಒಡ್ಡಿ ಅತ್ತೆ ಕೂತರು. ಫ್ರೀವೇ ಹತ್ತಿದ ಮೇಲೆ ಮೆಲ್ಲಗೆ ಅಂದರು, “ರೈಲು ಬಂದಿದ್ದು ಹೇಳು ಬೇಕಾದ್ರ ನಿನ್ನ ಗಂಡಗ. ನಾ ಯಾಕ ಹೋಗಿದ್ದೆ ಅನ್ನೂದು ಹೇಳಬ್ಯಾಡ.” ರೈಲಿಗಿಂತ ಅವರಿಗೆ ಅದೇ ದೊಡ್ಡದಾಗಿತ್ತು. ನನಗೆ ಎರಡನ್ನೂ ಹೇಳುವ ಧೈರ್ಯ ಮಾಡಲು ತಿಂಗಳುಗಳೇ ಹಿಡಿದವು. ಈಗ ಬರೆಯುವುದಕ್ಕೂ ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಕನ್ನಡದಲ್ಲಾದರೆ ಬರಿ, ಮೊಮ್ಮಗಳಿಗೆ ಓದಲು ಬರುವುದಿಲ್ಲ ಎಂದರು.

ಕ್ಯಾಮೆರಾವನ್ನು ಎರಡು ವಾರ ಮುಟ್ಟಲಿಲ್ಲ. ಆಮೇಲೆ ತೆಗೆದು ನೋಡಿದರೆ ಹೆಚ್ಚಿನವು ನೆಲ, ಆಕಾಶ, ನನ್ನ ಬೂಟು. ಒಂದು ಮಾತ್ರ ಬಂದಿತ್ತು. ನಾನು ತೆಗೆದ ರೈಲುಗಳಲ್ಲೆಲ್ಲ ಅದರಷ್ಟು ಒಳ್ಳೆಯದು ಇಲ್ಲ. ಕಪ್ಪು ಬಂಡೆಯ ಮರೆಯಿಂದ ತಿರುಗಿ ಬರುವ ಬೋಗಿಗಳು, ಹಿಂದೆ ಬೆಳ್ಳನೆಯ ಗುಡ್ಡ, ಮೋಡದ ಸಂದಿನಿಂದ ಸರಿಯಾಗಿ ಅಲ್ಲಿಗೇ ಬಿದ್ದ ಬಿಸಿಲು, ಚಕ್ರದಡಿಯಿಂದ ಏಳುವ ಹಿಮದ ಹೊಗೆ. ಅಳಿಸಲು ಬೆರಳು ಇಟ್ಟಿದ್ದೆ. ಹಿಂದೆ ಬಂದು ನಿಂತಿದ್ದ ಅತ್ತೆ, “ಇರ್ಲಿ ಬಿಡು, ಭಾಳ ಛಲೋ ಬಂದೈತಿ” ಅಂದರು. ಅವರೇ ಹಟ ಮಾಡಿ ದೊಡ್ಡದು ಮಾಡಿಸಿ ಹಾಲ್‌ನ ಗೋಡೆಗೆ ಹಾಕಿಸಿದರು.

ಮನೆಗೆ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಮೊನ್ನೆ ರೆಡೊಂಡೊ ಬೀಚಿನ ಗೆಳತಿಯೂ ನಿಂತಳು. “ಇದು ನಮ್ ಎಲ್.ಎ.ನಾ? ಸ್ವಿಟ್ಜರ್ಲ್ಯಾಂಡ್ ಥರ ಇದೆ ಕಣೇ” ಅಂದಳು. ಅತ್ತೆ ಸೋಫಾದಿಂದ ಎದ್ದು ಬಂದು, ಯಾವಾಗಲೂ ಮಾಡುವ ಹಾಗೆ, ಮೂರನೇ ಬೋಗಿಯ ಮೇಲೆ ಬೆರಳಿಟ್ಟರು.

“ಇದರ ಹಿಂದ ನಾ ನಿಂತೀನಿ.”

ಗೆಳತಿ ನಕ್ಕಳು. ಎಲ್ಲರೂ ನಗುತ್ತಾರೆ, ಅತ್ತೆಯೂ ನಗುತ್ತಾರೆ. ಕಾಫಿ ತರುವ ನೆವದಲ್ಲಿ ನಾನು ಒಳಗೆ ಹೋಗುತ್ತೇನೆ. ಯಾರೂ ಇಲ್ಲದಾಗ ಆ ಫೋಟೋದ ಹತ್ತಿರ ಹೋಗಿ, ಆ ಬೋಗಿಯ ಕೆಳಗೆ, ಚಕ್ರಗಳ ಸಂದಿನಲ್ಲಿ, ಎರಡು ಬಿಳಿ ಶೂ ಕಾಣುತ್ತವೆಯೇ ಎಂದು ಇವತ್ತಿಗೂ ಹುಡುಕುತ್ತೇನೆ. ಹಿಮದ ಪುಡಿ ಬಿಟ್ಟರೆ ಅಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಅಡುಗೆಮನೆಯ ಕಡೆ ಕಿವಿಗೊಟ್ಟು, ಅತ್ತೆ ಪಾತ್ರೆ ಸದ್ದು ಮಾಡುವುದನ್ನು ಕೇಳಿಸಿಕೊಂಡ ಮೇಲೆಯೇ ಅಲ್ಲಿಂದ ಸರಿಯುತ್ತೇನೆ.